ಆಮೇಲೆ ಬಟ್ಟೆ ಮಡಚಿದ್ದು ಯಾರು?

ಮಾರ್ಚ್ 4

ಕಡ್ಡೀ,

ನಾಟಕ ಶುರುವಾಗಿ ವಾರದ ಮೇಲಾಯ್ತು. ಒಂದು ಸಾಲು ಬರೆಯೋಕೆ ನಿನಗೇನು ಕೈ ಬಿದ್ದುಹೋಗಿದೆಯಾ? ಫೋನ್ ಮಾಡಬೇಡ ಅಂದಿದ್ದು ನಾನೇ, ಒಪ್ಪಿಕೊಳ್ತೀನಿ. ಫೋನಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡ್ತೀವಿ, ಒಟ್ಟಿಗೆ ಸಿಟ್ಟಾಗ್ತೀವಿ, ಒಟ್ಟಿಗೆ ಇಟ್ಟುಬಿಡ್ತೀವಿ. ಕಾಗದವಾದರೆ ಒಬ್ಬಳು ಬೈಯೋವಾಗ ಇನ್ನೊಬ್ಬಳು ಬಾಯಿ ಮುಚ್ಚಿಕೊಂಡು ಓದಬೇಕು.

ನನಗೆ ಇನ್ನೂ ನಂಬಿಕೆಯೇ ಬರ್ತಿಲ್ಲ ಕಣೇ. ನಾನು ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತು ದಿನವಿಡೀ ಜನರ ಬೈಗುಳ ಕೇಳೋಳು. ನೀನು ಅಷ್ಟು ದೂರದ ನಾಟಕಶಾಲೆಯಲ್ಲಿ ರಾಜರಾಣಿಯರ ಹರಿದ ತೋಳು ಹೊಲಿಯೋಳು. ನಾನು ಬರೆದ ನಾಟಕವನ್ನ ನೀನು ಅವರ ಭಾಷೆಗೆ ತಿರುಗಿಸಿ, ಅದನ್ನ ನಿಮ್ಮ ನಿರ್ದೇಶಕ ಒಪ್ಪಿ, ನಮ್ಮ ಅಮ್ಮನಂಥ ಒಬ್ಬ ಅಮ್ಮ ಯಾವುದೋ ದೇಶದ ರಂಗದ ಮೇಲೆ ನಿಂತು ಬೈತಾಳೆ ಅಂದರೆ! ಕಚೇರಿಯಲ್ಲಿ ಎಲ್ಲರಿಗೂ ಹೇಳಿದ್ದೀನಿ. ನಲ್ಲಿಯಲ್ಲಿ ಕೆಂಪು ನೀರು ಬರುತ್ತೆ ಅಂತ ಜಗಳಕ್ಕೆ ಬಂದವರಿಗೂ ಹೇಳಿದ್ದೀನಿ.

ಒಂದೇ ಒಂದು ವಿಷಯ ಹೇಳು. ಕೊನೇ ದೃಶ್ಯದಲ್ಲಿ ಅಲ್ಲಿನ ಜನ ಎಲ್ಲಿ ನಕ್ಕರು? ಇಲ್ಲಿ ನಮ್ಮೂರವರು ಆಡೋವಾಗ, ಅಮ್ಮ ಮಗಳ ಚೀಲ ಕಸಿದುಕೊಂಡು ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದಾಗ ಜನ ಉಸಿರು ಬಿಗಿಹಿಡೀತಾರೆ. ಮಗಳು ಸಿಟ್ಟಲ್ಲಿ ಹೊರಗೆ ಹೋಗ್ತಾಳೆ. ಆಮೇಲೆ ಅಮ್ಮ ಕೆಳಗೆ ಕೂತು, ‘ಇದೊಂದು ಮಡಚೋ ರೀತಿನಾ, ದನ ಮೇದ ಹಾಗೆ’ ಅಂತ ಬೈಕೊಂಡೇ ಒಂದೊಂದಾಗಿ ಮಡಚಿ ಮತ್ತೆ ತುಂಬೋಕೆ ಶುರು ಮಾಡ್ತಾಳಲ್ಲ, ಮೊದಲನೇ ಅಂಗಿಗೆ ಹಿಂದಿನ ಸಾಲಿಂದ ಒಂದು ನಗು ಬರುತ್ತೆ. ಮೂರನೇ ಅಂಗಿಗೆ ಎಲ್ಲರೂ ನಗ್ತಾರೆ. ಅವಳು ಕಣ್ಣೊರೆಸಿಕೊಳ್ಳೋ ಹೊತ್ತಿಗೆ ಅದೇ ಜನ ಮೂಗು ಸೀಟ್ತಾರೆ. ಬರೆದವಳಿಗೆ ಇನ್ನೇನು ಬೇಕು?

ಅಮ್ಮನ್ನೂ ಕರಕೊಂಡು ಹೋಗಿದ್ದೆ, ಎರಡನೇ ಸಾಲಲ್ಲಿ ಕೂರಿಸಿದ್ದೆ. ಮನೆಗೆ ಬಂದ ಮೇಲೂ ಒಂದು ಮಾತಿಲ್ಲ, ಈಗಲೂ ಇಲ್ಲ. ಅವಳ ಬಾಯಲ್ಲಿ ಬೈಗುಳ ನಿಂತಿದೆ ಅಂದರೆ ಎಷ್ಟು ಹಿಡಿಸಿರಬೇಕು ನೋಡು.

ನಿನ್ನ ಅಕ್ಕ

ಮಾರ್ಚ್ 19

ಅಕ್ಕಾ,

ತಡವಾಯ್ತು, ಕ್ಷಮಿಸು. ದಿನಾ ಪ್ರಯೋಗ ಮುಗಿದ ಮೇಲೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮೊಳೆಗೆ ತೂಗುಹಾಕೋ ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತೆ. ನಮ್ಮ ಕೋಣೆ ರಂಗದ ಕೆಳಗಡೆ ಇದೆ. ಮೇಲೆ ಯಾರು ಓಡಿದರೂ ನಮ್ಮ ತಲೆ ಮೇಲೆ ಸದ್ದು. ಈಗ ನಿನ್ನ ನಾಟಕದ ಹೆಜ್ಜೆಗಳು ನನಗೆ ಬಾಯಿಪಾಠ.

ತುಂಬ ಚೆನ್ನಾಗಿ ನಡೀತಿದೆ. ಮೊದಲ ದಿನ ಕೊನೆಗೆ ದೀಪ ಆರಿದಾಗ ಇಡೀ ಸಭಾಂಗಣ ಮೌನವಾಗಿತ್ತು. ಮುಂದಿನ ಸಾಲಲ್ಲಿ ಒಬ್ಬಾಕೆ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿರ್ದೇಶಕರು ನನ್ನ ಕೈ ಹಿಡಿದು, ನಿಮ್ಮ ಅಕ್ಕ ದೊಡ್ಡ ಬರಹಗಾರ್ತಿ ಅಂದರು. ಅಮ್ಮನ ಪಾತ್ರದ ನಟಿಗೆ ಅರವತ್ತು ದಾಟಿದೆ, ಏನು ಗಂಟಲು ಅಂತೀಯ! ಎಲ್ಲರೂ ಆಕೆಯನ್ನ ‘ದೊಡ್ಡಮ್ಮ’ ಅಂತ ಕರೀತಾರೆ, ಅವರ ಭಾಷೆಯಲ್ಲಿ.

ಜುಲೈ ತಿಂಗಳಿಂದ ನಾಟಕ ಬೇರೆ ಊರುಗಳಿಗೂ ಹೋಗುತ್ತಂತೆ. ಪೆಟ್ಟಿಗೆ ಕಟ್ಟೋದು ನಾನೇ. ನನ್ನ ಸುರುಳಿ ಇಲ್ಲಿ ಹೆಸರುವಾಸಿ, ಎತ್ತಿ ಎಸೆದರೂ ಅಂಗಿ ಬಿಚ್ಚಿಕೊಳ್ಳಲ್ಲ. ಎಲ್ಲ ನಿನ್ನಿಂದ ಕಲಿತದ್ದು.

ನಿನ್ನ ತಂಗಿ

ಮಾರ್ಚ್ 30

ಕಡ್ಡೀ,

ಅತ್ತರು, ಸರಿ. ಅಳೋರು ಎಲ್ಲ ಊರಲ್ಲೂ ಇರ್ತಾರೆ. ನಾನು ಕೇಳಿದ್ದು ಎಲ್ಲಿ ನಕ್ಕರು ಅಂತ. ನೀನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ದೀಪ ಆರಿದಾಗ ಮೌನ ಅಂದರೇನು? ಬಟ್ಟೆ ಮಡಚೋವಾಗಲೂ ಮೌನವಾ? ಒಬ್ಬರೂ ನಗಲಿಲ್ವಾ?

ಸುರುಳಿ ಗಿರುಳಿ ಅಂತ ಏನೋ ಬರೆದಿದ್ದೀಯ, ತಲೆಬುಡ ತಿಳಿಯಲಿಲ್ಲ. ನಾನು ನಿನಗೇನು ಕಲಿಸಿದ್ದೆ, ಜಗಳ ಒಂದು ಬಿಟ್ಟು?

ಅಕ್ಕ

ಏಪ್ರಿಲ್ 8

ಅಕ್ಕಾ,

ಇಲ್ಲಿನ ಜನ ಗಂಭೀರ, ಅಷ್ಟು ಸುಲಭಕ್ಕೆ ನಗಲ್ಲ. ಕೊನೇ ದೃಶ್ಯ ಇಲ್ಲಿ ಸ್ವಲ್ಪ ಚಿಕ್ಕದಾಗಿದೆ. ಮಾತಿಲ್ಲದೆ ಅಷ್ಟು ಹೊತ್ತು ಕೂರೋದು ಇಲ್ಲಿಯವರಿಗೆ ಅಭ್ಯಾಸವಿಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ. ಕಡ್ಡೀನ ಗುಡ್ಡ ಮಾಡೋದು ನಿನಗೆ ಹುಟ್ಟುಗುಣ.

ಅಮ್ಮ ಹೇಗಿದ್ದಾಳೆ ಅಂತ ಕೇಳಿದೆ ಅಂತ ಹೇಳಬೇಡ. ಸುಮ್ಮನೆ ನನಗೆ ಬರಿ.

ತಂಗಿ

ಏಪ್ರಿಲ್ 21

ಸ್ವಲ್ಪ ಚಿಕ್ಕದಾಗಿದೆಯಾ?

ನಿನ್ನ ನಿರ್ದೇಶಕ ದೊಡ್ಡ ಮನುಷ್ಯ, ಬರೆದವಳಿಗೆ ಮರ್ಯಾದೆ ತೋರಿಸೋಣ ಅಂತ ಒಂದು ಕಟ್ಟು ಕಳಿಸಿದ್ದಾನೆ. ಅದರಲ್ಲಿ ಫೋಟೋಗಳು, ಪತ್ರಿಕೆಯ ಒಂದು ತುಂಡು. ಫೋಟೋ ನೋಡೋಕೆ ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ರಂಗದ ತುಂಬ ಬಟ್ಟೆ ಚೆಲ್ಲಿದೆ, ಮಗಳು ಬಾಗಿಲಾಚೆ, ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ರಾಕ್ಷಸಿ ಹಾಗೆ ನಿಂತಿದ್ದಾಳೆ, ಮುಖಕ್ಕೆ ಕೆಂಪು ದೀಪ ಬೇರೆ. ಕೆಳಗೆ ‘ಅಂತಿಮ ದೃಶ್ಯ’ ಅಂತ ಬರೆದಿದೆಯಂತೆ. ಪತ್ರಿಕೆಯ ತುಂಡನ್ನ ನಮ್ಮ ಕಚೇರಿಯ ಇಂಜಿನಿಯರ್ ಓದಿ ಅರ್ಥ ಹೇಳಿದ. ‘ಹೆತ್ತ ಮಗಳನ್ನು ಬಟ್ಟೆಬರೆ ಸಮೇತ ಬೀದಿಗೆ ಎಸೆಯುವ ಸಮಾಜವೊಂದರ ದಿಟ್ಟ ಚಿತ್ರ.’ ಹೇಳ್ತಾ ಹೇಳ್ತಾ ಅವನಿಗೇ ನಾಚಿಕೆಯಾಗಿ ಚಾ ಕುಡಿಯೋಕೆ ಎದ್ದು ಹೋದ.

ನಾನು ಯಾವ ಸಮಾಜವನ್ನೂ ಬರೆದಿಲ್ಲ ಕಣೇ! ನಾನು ಬರೆದದ್ದು ನಮ್ಮ ಅಮ್ಮನ್ನ. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯೋ ಕೋಣೆಯಲ್ಲಿ ಯಾರ್ಯಾರದೋ ಹಾಸಿಗೆ ಬಟ್ಟೆ ಮಡಚಿ ನಮ್ಮಿಬ್ಬರನ್ನ ಓದಿಸಿದವಳನ್ನ. ಅವಳು ಒಬ್ಬಳು. ಅವಳ ಹಾಗೆ ಬೈಯೋರು ನಮ್ಮ ಬೀದಿಯಲ್ಲೇ ಇನ್ನೊಬ್ಬರಿಲ್ಲ. ಅಲ್ಲಿ ಅವಳನ್ನ ನಿಲ್ಲಿಸಿ, ಅವಳ ಕೈಯಿಂದ ಅರ್ಧ ಕೆಲಸ ಮಾಡಿಸಿ, ನೋಡಿ ಇವರೆಲ್ಲ ಹೀಗೇ ಅಂತ ತೋರಿಸಿದರಾ? ಬಟ್ಟೆ ಸುರಿದದ್ದು ಅವರಿಗೆ ಬೇಕು, ಮಡಚಿದ್ದು ಬೇಡ! ಹಾಗಿದ್ದರೆ ಅಡುಗೆ ಮಾಡೋಳು ಕತ್ತಿ ಹಿಡಿದಿರೋ ಫೋಟೋ ತೆಗೆದು ಕೊಲೆಗಾರ್ತಿ ಅಂತ ಹಾಕಲಿ.

ಯಾಕೆ ಬರೆದೆ ಗೊತ್ತಾ ಆ ನಾಟಕ? ಹೊರಗಿನವರು ನಮ್ಮಂಥ ಮನೆಯ ಒಳಗೆ ಒಂದು ಸಂಜೆ ಕೂತು ನೋಡಲಿ ಅಂತ. ಬೈಗುಳ ಕೇಳಿ ಹೆದರಿ, ಆಮೇಲೆ ಓ, ಇದು ಹೀಗಾ ಅಂತ ನಗಲಿ ಅಂತ. ನನ್ನ ಕೌಂಟರಿಗೆ ಬರೋರನ್ನ ನೋಡು. ಒಬ್ಬ ಬಂದು ಹಾಳಾಗಿ ಹೋಗಿ ಅಂತಾನೆ, ಅವನಿಗೆ ನಿಜವಾಗಿ ನೀರಿಲ್ಲ. ಇನ್ನೊಬ್ಬ ನಯವಾಗಿ ಮೇಡಂ ಮೇಡಂ ಅಂತಾನೆ, ಪಕ್ಕದ ಮನೆಯ ನೀರು ಕದೀತಿರ್ತಾನೆ. ಬೈದು ಹೇಳೋರು ಬದುಕೋಕೆ ಹೇಳ್ತಾರೆ. ನಿನ್ನ ನಿರ್ದೇಶಕನಿಗೆ ಇದನ್ನ ತೋರಿಸೋಕೆ ಅಂತಲೇ ಐದು ನಿಮಿಷ ಬಟ್ಟೆ ಮಡಚೋದನ್ನ ಇಟ್ಟದ್ದು, ಅದನ್ನೇ ಕತ್ತರಿಸಿ ಬಿಸಾಕಿದ್ದಾನೆ.

ನೀನು ಅಲ್ಲೇ ಇದ್ದೆ. ನಿನ್ನ ತಲೆ ಮೇಲೆ ಹೆಜ್ಜೆ ಸದ್ದು ಕೇಳಿಸ್ತಿತ್ತು. ಬಾಯಲ್ಲೇನು ಸೂಜಿ ಇಟ್ಟುಕೊಂಡಿದ್ದೆಯಾ? ಆ ನಿರ್ದೇಶಕನಿಗೆ ಹೇಳು. ಬಟ್ಟೆ ಮಡಚಬೇಕು, ಇಲ್ಲವಾದರೆ ನಾಟಕ ನಿಲ್ಲಬೇಕು. ಬೇರೆ ಊರಿಗೆ ಹೋಗೋಕೆ ನಾನು ಒಪ್ಪಿಗೆ ಕೊಡಲ್ಲ.

ಮೇ 2

ಅಕ್ಕಾ,

ನಿರ್ದೇಶಕರನ್ನ ಬೈಯಬೇಡ. ಅವರು ಏನನ್ನೂ ಕತ್ತರಿಸಿಲ್ಲ. ಕತ್ತರಿಸಿದ್ದು ನಾನು.

ನಿನ್ನ ನಾಟಕದ ಕೊನೇ ಹಾಳೆಯನ್ನ ನಾನು ಅವರ ಭಾಷೆಗೆ ತಿರುಗಿಸಲೇ ಇಲ್ಲ. ಬಟ್ಟೆ ಸುರೀತಾಳೆ, ಮಗಳು ಹೋಗ್ತಾಳೆ, ಮುಕ್ತಾಯ. ಅಷ್ಟೇ ಬರೆದು ಕೊಟ್ಟೆ. ಯಾಕೆ ಅಂದರೆ ನಡೆದದ್ದು ಅಷ್ಟೇ.

ಆ ಮಗಳು ಯಾರು ಅಂತ ಊರಿಗೆಲ್ಲ ಗೊತ್ತಿಲ್ಲದೆ ಇರಬಹುದು, ನನಗೆ ಗೊತ್ತಿಲ್ವಾ? ನಾನು ಈ ಕೆಲಸಕ್ಕೆ ಹೊರಟ ದಿನ ಅಮ್ಮ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಎಲ್ಲ ನೆಲಕ್ಕೆ ಸುರಿದಳು. ‘ಬೇರೆಯವರ ಹರಿದ ಬಟ್ಟೆ ಹೊಲಿಯೋಕೆ ಪ್ರಪಂಚದ ತುದಿಗೆ ಹೋಗ್ತೀಯಾ, ಹೋಗು, ನಿನ್ನ ಮುಖ ತೋರಿಸಬೇಡ’ ಅಂದಳು. ನಾನು ಹೊರಗೆ ಬಂದು ಬಾಡಿಗೆ ಕಾರಲ್ಲಿ ಕೂತೆ. ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿ ನೋಡದ ಹಾಗೆ ಮಾಡಿದ. ಎಷ್ಟೋ ಹೊತ್ತಿನ ಮೇಲೆ ನೀನು ಚೀಲ ತಂದು ಕೊಟ್ಟೆ. ಅಮ್ಮ ಬಾಗಿಲಿಗೂ ಬರಲಿಲ್ಲ. ಮಡಚಿದವಳು ನೀನು. ನಿನ್ನ ಕೆಲಸವನ್ನ ಅವಳ ಕೈಗೆ ಕೊಟ್ಟು, ಮೇಲಿಂದ ಒಂದು ಲೋಟ ಕಣ್ಣೀರು ಸುರಿದು, ಅವಳನ್ನ ದೇವತೆ ಮಾಡಿ ರಂಗದ ಮೇಲೆ ಕೂರಿಸಿದ್ದೀಯ. ನಿನ್ನ ನಾಟಕ ಸುಳ್ಳು. ಅದನ್ನ ಓದಿದ ರಾತ್ರಿ ನನ್ನ ಮೈ ಹೇಗೆ ಉರೀತು ಅಂತ ನಿನಗೆ ಗೊತ್ತಿಲ್ಲ.

ಬೈದು ಹೇಳೋರು ಬದುಕೋಕೆ ಹೇಳ್ತಾರಂತೆ! ಆ ಗಾದೆ ಕಟ್ಟಿದ್ದು ಬೈಯೋರೇ ಇರಬೇಕು, ಬೈಸಿಕೊಂಡವರಲ್ಲ. ಇಲ್ಲಿ ನಿರ್ದೇಶಕರ ತಾಯಿ ಪ್ರತಿ ನಾಟಕದ ಮೊದಲ ದಿನ ಬಂದು, ಎಲ್ಲರೆದುರು ಅವರನ್ನ ತಬ್ಬಿಕೊಂಡು, ನನಗೆ ನಿನ್ನ ಮೇಲೆ ಹೆಮ್ಮೆ ಅಂತಾರೆ. ಬಾಯಿ ಬಿಟ್ಟು ಹೇಳ್ತಾರೆ. ಮೊದಲ ಸಲ ನೋಡಿದಾಗ ಇಸ್ತ್ರಿ ಪೆಟ್ಟಿಗೆಯನ್ನ ಬಟ್ಟೆ ಮೇಲೇ ಮರೆತು ನಿಂತಿದ್ದೆ. ಒಂದು ರೇಷ್ಮೆ ಮೇಲಂಗಿ ಸುಟ್ಟು ಹೋಯ್ತು.

ಪತ್ರಿಕೆಯವನು ಸಮಾಜ ಅಂತ ಬರೆದದ್ದು ತಪ್ಪು. ಆದರೆ ಫೋಟೋ ತಪ್ಪಲ್ಲ. ಒಪ್ಪಿಗೆ ಕೊಡಲ್ಲ ಅಂದರೆ ಬೇಡ ಬಿಡು.

ಮೇ 25

ನಿನ್ನ ಕಾಗದ ಬಂದು ದಿನಗಳಾದವು. ಮೂರು ಸಲ ಬರೆದು ಹರಿದು ಹಾಕಿದೆ. ಮೊದಲನೇದರಲ್ಲಿ ಬೈಗುಳ ಬಿಟ್ಟು ಬೇರೆ ಏನೂ ಇರಲಿಲ್ಲ, ಎರಡನೇದರಲ್ಲೂ ಅಷ್ಟೇ.

ನಾನು ಮಡಚಿದೆನಾ? ನಾನು?

ಕಡ್ಡೀ, ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ನನ್ನ ಜೊತೆ ಮಲಗಿದವಳು ನೀನು. ನನ್ನ ಬೀರು ಬಾಗಿಲು ತೆಗೆದರೆ ಬಟ್ಟೆ ಮೈಮೇಲೆ ಬೀಳ್ತಿತ್ತು, ಈಗಲೂ ಬೀಳುತ್ತೆ. ಮದುವೆಯಾಗಿ ಮೂರನೇ ದಿನಕ್ಕೆ ನನ್ನ ಗಂಡ, ನಿನ್ನ ಭಾವ, ತನ್ನ ಅಂಗಿ ತಾನೇ ಮಡಚಿಕೊಳ್ತೀನಿ, ದಯವಿಟ್ಟು ಮುಟ್ಟಬೇಡ ಅಂತ ಕೈ ಮುಗಿದ. ನಾನು ಕಟ್ಟಿದ್ದರೆ ಆ ಚೀಲದ ಜಿಪ್ಪಿನ ಹಲ್ಲು ಕೂಡ್ತಿರಲಿಲ್ಲ, ದಾರಿ ಉದ್ದಕ್ಕೂ ತೋಳು ಹೊರಗೆ ನೇತಾಡ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಅಷ್ಟೇ. ಅವಳು ನನಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಮಡಚ್ತಿದ್ದಳು. ಬೆನ್ನು ಅಲುಗಾಡ್ತಿತ್ತು. ಮುಗಿಸಿ ಚೀಲವನ್ನ ನನ್ನ ಕಡೆ ತಳ್ಳಿ, ‘ತಗೊಂಡು ಹೋಗಿ ಕೊಡು ಆ ಮಹಾರಾಣಿಗೆ’ ಅಂದಳು. ನಾನು ತಂದು ಕೊಟ್ಟೆ. ನೀನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನಗೆ ಗೊತ್ತಿದೆ ಅಂದುಕೊಂಡಿದ್ದೆ.

ಇನ್ನೊಂದು ಮಾತು. ಇದನ್ನ ಮುಚ್ಚಿಡಬೇಕು ಅಂತಿದ್ದೆ, ಈಗ ಬೇಡ. ನಾಟಕ ನೋಡಿದ ದಿನದಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಂತೋಷ ಅಂದುಕೊಂಡಿದ್ದೆನಲ್ಲ, ಸಂತೋಷವೂ ಅಲ್ಲ ಮಣ್ಣೂ ಅಲ್ಲ. ತಟ್ಟೆಯನ್ನ ನನ್ನ ಮುಂದೆ ಇಡೋ ಸದ್ದಲ್ಲೇ ಗೊತ್ತಾಗುತ್ತೆ. ಯಾಕೆ ಅಂತ ಕೇಳಿದರೆ ಪಾತ್ರೆಗಳಿಗೆ ಉತ್ತರ ಕೊಡ್ತಾಳೆ. ನಿನ್ನ ನಿರ್ದೇಶಕ ಕಳಿಸಿದ ಫೋಟೋವನ್ನ ನಾನು ಬಚ್ಚಿಟ್ಟಿದ್ದೆ. ಮೊನ್ನೆ ಹುಡುಕಿ ತೆಗೆದಿದ್ದಾಳೆ, ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. ಸತ್ತೆ ಅಂದುಕೊಂಡೆ. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು:

‘ಆಮೇಲೆ ಬಟ್ಟೆ ಮಡಚಿದ್ದು ಯಾರು?’

ಯಾರೂ ಇಲ್ಲಮ್ಮ, ಅಲ್ಲಿಗೇ ನಾಟಕ ಮುಗಿಯುತ್ತೆ ಅಂದೆ. ‘ಹಾಗೇ ಬಿಟ್ಟು ಮನೆಗೆ ಹೋದರಾ, ಥೂ’ ಅಂತ ಫೋಟೋವನ್ನ ಮಗುಚಿ ಇಟ್ಟಳು.

ಜೂನ್ 6

ಅಕ್ಕಾ,

ನಿನ್ನ ಕಾಗದ ಓದಿ ಕೆಳಗಿನ ಕೋಣೆಯಲ್ಲಿ ಬಟ್ಟೆ ಪೆಟ್ಟಿಗೆ ಮೇಲೆ ಕೂತುಬಿಟ್ಟೆ.

ಇಲ್ಲಿಗೆ ಬಂದ ಮೊದಲ ದಿನ ಆ ಚೀಲ ತೆಗೆದಾಗ ಬಟ್ಟೆಯೆಲ್ಲ ಸುರುಳಿ ಸುರುಳಿಯಾಗಿತ್ತು. ಕೆಳಗಿನ ಅಂಚನ್ನ ಹೊರಗೆ ಮಗುಚಿ, ಕತ್ತಿನ ಕಡೆಯಿಂದ ಬಿಗಿಯಾಗಿ ಸುತ್ತಿಕೊಂಡು ಬಂದು, ಆ ಅಂಚನ್ನೇ ಸುರುಳಿಯ ಮೇಲೆ ತಿರುಗಿಸಿ ಹಾಕಿತ್ತು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಡಚಿದ್ದನ್ನ ನಾನು ಕಂಡಿರಲಿಲ್ಲ. ನಮ್ಮಲ್ಲಿ ಯಾರು ಯಾವಾಗ ಪ್ರಯಾಣ ಮಾಡಿದ್ದರು? ಅಮ್ಮ ಮನೆಯಲ್ಲಿ ಎಲ್ಲ ಚಪ್ಪಟೆಯಾಗಿ ಮಡಚಿ ಒಂದರ ಮೇಲೊಂದು ಜೋಡಿಸ್ತಿದ್ದಳು. ಹಾಗಾಗಿ ನೀನೇ ಕಚೇರಿಯಲ್ಲಿ ಯಾರಿಂದಲೋ ಕಲಿತಿರಬೇಕು ಅಂದುಕೊಂಡೆ. ಒಂದೊಂದೇ ಬಿಚ್ಚಿ, ಮತ್ತೆ ಸುತ್ತಿ, ಹೇಗೆ ಅಂತ ಕಂಡುಕೊಂಡೆ. ಆಸ್ಪತ್ರೆಯ ಬಟ್ಟೆಮೂಟೆಗಳನ್ನ ಗಾಡಿಗೆ ಎಸೀತಿದ್ದರಲ್ಲ, ಅದಕ್ಕೆ ಅಮ್ಮ ಅಲ್ಲಿ ಹಾಗೆ ಸುತ್ತುತ್ತಿದ್ದಳೇನೋ. ಈಗ ಹೊಳೀತಿದೆ. ಹತ್ತು ವರ್ಷದಿಂದ ಇಲ್ಲಿನ ರಾಜರನ್ನೆಲ್ಲ ಅವಳ ಸುರುಳಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದೀನಿ, ನಿನ್ನ ಹೆಸರು ಹೇಳಿಕೊಂಡು.

ನನಗೆ ಅಳು ಬರ್ತಿಲ್ಲ, ಸಿಟ್ಟು ಬರ್ತಿದೆ. ಅವಳ ಮೇಲೆ. ಇಷ್ಟು ಮಾಡಿದವಳು ಬಾಗಿಲಿಗೆ ಬಂದಿದ್ದರೆ ಏನಾಗ್ತಿತ್ತು? ಕೇಳು ಅವಳನ್ನ. ಅಳ್ತಿದ್ದಳಾ ನಿಜವಾಗಿ? ಅಳ್ತಿದ್ದರೆ ಯಾಕೆ ಹೊರಗೆ ಬರಲಿಲ್ಲ? ನೇರವಾಗಿ ಕೇಳು. ಕೊನೇ ಹಾಳೆಯನ್ನ ತಿರುಗಿಸೋದಾದರೆ ನನಗೆ ನಿಜ ಬೇಕು.

ತಂಗಿ

ಜೂನ್ 18

ಕಡ್ಡೀ,

ಕೇಳಿದೆ. ಕೇಳಿದ ತಪ್ಪಿಗೆ ಮೂರು ತಿಂಗಳ ಬಾಕಿ ಬೈಗುಳವನ್ನೆಲ್ಲ ಒಂದೇ ಸಲ ತಿಂದೆ. ನಿನ್ನ ಭಾವ ಚಪ್ಪಲಿ ಹಾಕಿಕೊಂಡು ಮೆಲ್ಲಗೆ ಬೀದಿಗೆ ಹೋದ. ನೆನಪಿರೋಷ್ಟು ಬರೀತೀನಿ, ಒಂದಕ್ಷರ ಸೇರಿಸಿಲ್ಲ.

‘ನಾನ್ಯಾವಾಗ ಅತ್ತೆ? ಹೇಳು, ನಾನ್ಯಾವಾಗ ಅತ್ತೆ? ನನ್ನ ಮುಖ ನೋಡಿದ್ದೆಯಾ ನೀನು? ಬೆನ್ನು ನೋಡಿ ಕಥೆ ಕಟ್ಟಿದಳಂತೆ! ಊರ ಜನರನ್ನೆಲ್ಲ ಸೇರಿಸಿ ನನ್ನನ್ನ ಮೂಗು ಸೀಟೋ ಹಾಗೆ ಮಾಡಿದೆ, ಎರಡನೇ ಸಾಲಲ್ಲಿ ಕೂರಿಸಿ ತೋರಿಸಿದೆ. ಪಕ್ಕದಲ್ಲಿದ್ದವಳು ಪಾಪ ಅಂತ ನನ್ನ ಕೈ ಸವರಿದಳು, ಗೊತ್ತಾ? ನಾನು ಪಾಪನಾ? ಸಿಟ್ಟು ಬಂದಿತ್ತು ನನಗೆ. ಮೈಯೆಲ್ಲ ನಡುಗೋಷ್ಟು ಸಿಟ್ಟು. ಹೇಳದೆ ಕೇಳದೆ ಕೆಲಸ ಒಪ್ಪಿಕೊಂಡು, ಟಿಕೆಟ್ ತಗೊಂಡು, ಹೊರಡೋ ದಿನ ಹೇಳ್ತಾಳೆ. ಸಿಟ್ಟು ಬರಬಾರದಾ? ಬಂತು. ಈಗಲೂ ಇದೆ. ಇನ್ನೊಬ್ಬಳು ಅಲ್ಲಿ ನನ್ನನ್ನ ರಾಕ್ಷಸಿ ಮಾಡಿದ್ದಾಳೆ. ನೀನು ಅಳುಬುರುಕಿ ಮಾಡಿದೆ, ಅವಳು ರಾಕ್ಷಸಿ ಮಾಡಿದಳು. ನನ್ನನ್ನ ಒಂದು ಮಾತು ಕೇಳಿದಿರಾ ಇಬ್ಬರೂ?’

ಹಾಗಿದ್ದರೆ ಯಾಕಮ್ಮ ಮಡಚಿದೆ ಅಂದೆ. ನನ್ನನ್ನ ಹುಚ್ಚಿಯ ಹಾಗೆ ನೋಡಿದಳು.

‘ಅಷ್ಟು ದೂರ ಹೋಗೋಳು, ಹಾಗೆ ತುರುಕಿದ್ದರೆ ಬಟ್ಟೆ ಉಳೀತಿತ್ತಾ? ಸಿಟ್ಟು ಬಂದರೆ ಬಟ್ಟೆ ಮಡಚಬಾರದು ಅಂತ ಎಲ್ಲಿ ಬರೆದಿದೆ?’

ಕಡ್ಡೀ, ನಾನು ಪತ್ರಿಕೆಯವನ ಮೇಲೆ ಹಾರಾಡಿದೆ, ನಿನ್ನ ಮೇಲೆ ಹಾರಾಡಿದೆ. ಅವನು ಅರ್ಧ ನೋಡಿ ಬರೆದ, ನೀನು ಅರ್ಧ ನೋಡಿ ಹೊರಟೆ, ನಾನು ಬೆನ್ನು ನೋಡಿ ನಾಟಕ ಬರೆದೆ. ಕಣ್ಣೀರು ಹಾಕಿಸಿದರೆ ಹೊರಗಿನವರಿಗೆ ಬೇಗ ಅರ್ಥವಾಗುತ್ತೆ ಅಂತ ನನ್ನೊಳಗೂ ಒಂದು ಲೆಕ್ಕ ಇತ್ತು ಅನ್ನಿಸುತ್ತೆ. ‘ಕಣ್ಣೊರೆಸಿಕೊಳ್ಳುತ್ತಾ’ ಅನ್ನೋದನ್ನ ಹೊಡೆದು ಹಾಕಿದ್ದೀನಿ. ನೀನು ಕೊನೇ ಹಾಳೆಯನ್ನ ತಿರುಗಿಸು. ಅವಳು ಸಿಟ್ಟಲ್ಲೇ ಮಡಚಲಿ. ಆಮೇಲೆ ಯಾವ ಊರಿಗೆ ಬೇಕಾದರೂ ತಗೊಂಡು ಹೋಗಿ.

ಅಕ್ಕ

ಜುಲೈ 15

ಅಕ್ಕಾ,

ಕೊನೇ ಹಾಳೆ ತಿರುಗಿಸಿ ನಿರ್ದೇಶಕರ ಕೈಗೆ ಕೊಟ್ಟೆ. ಮೊದಲು ನನಗೆ ಬಿತ್ತು. ನ್ಯಾಯವೇ, ಅವರಿಗೆ ಅರ್ಧ ನಾಟಕ ಕೊಟ್ಟಿದ್ದೆನಲ್ಲ. ಅಷ್ಟು ಬೈದು ಕೊನೆಗೆ ದಯವಿಟ್ಟು ತಪ್ಪು ತಿಳಿಯಬೇಡಿ ಅಂದರು, ಇವರ ಬೈಗುಳ ಹಾಗೆ. ಆಮೇಲೆ ಎಲ್ಲರನ್ನೂ ಕೂರಿಸಿ ಓದಿಸಿದರು. ಅವರ ತಕರಾರು ಒಂದೇ. ಈ ತಾಯಿಗೆ ಪ್ರೀತಿಯಾ ಸಿಟ್ಟಾ? ಪ್ರೇಕ್ಷಕರಿಗೆ ಎರಡರಲ್ಲಿ ಒಂದನ್ನ ಹೇಳಬೇಕು, ಇಲ್ಲದಿದ್ದರೆ ಗೊಂದಲ ಅಂದರು. ನಮ್ಮಲ್ಲಿ ಹೀಗಿಲ್ಲ ಅಂದರು.

ನಾನು ಬಾಯಿ ತೆಗೆಯೋ ಮೊದಲೇ ದೊಡ್ಡಮ್ಮ ಎದ್ದಳು. ‘ನಮ್ಮಲ್ಲಿ ಅಂದರೆ ಯಾರ ಮನೆಯಲ್ಲಿ? ನಮ್ಮಪ್ಪ ಸಿಟ್ಟು ಬಂದಾಗ ಇಡೀ ಮನೆಯ ಬೂಟುಗಳಿಗೆ ಪಾಲಿಷ್ ಹಾಕ್ತಿದ್ದ. ಬೂಟು ಫಳಫಳ ಅಂತಿದ್ದರೆ ಇವತ್ತು ಹುಷಾರು ಅಂತ ನಮಗೆ ಗೊತ್ತಾಗ್ತಿತ್ತು. ಇಷ್ಟು ದಿನ ಈ ಹೆಂಗಸನ್ನ ಬೇರೆ ಯಾವುದೋ ಲೋಕದವಳು ಅಂತ ಆಡಿಸಿದಿರಲ್ಲ ನನ್ನ ಕೈಯಲ್ಲಿ!’ ಅಂತ ಕೂಗಿದಳು. ಆಮೇಲೆ ನಿರ್ದೇಶಕರ ಕಡೆ ತಿರುಗಿ, ‘ನಿನ್ನ ತಾಯಿ ತಬ್ಬಿಕೊಂಡಾಗೆಲ್ಲ ಅವರಿಗೆ ನಿನ್ನ ಮೇಲೆ ಸಿಟ್ಟೇ ಇರಲ್ವಾ?’ ಅಂತ ಕೇಳಿದಳು. ಅವರು ಕೆಂಪಗಾದರು. ನಮ್ಮಮ್ಮ ತಬ್ಬಿಕೊಂಡು ಕಿವಿಯಲ್ಲಿ, ಹೆಮ್ಮೆಯಾಯ್ತು, ಆದರೆ ಈ ಸಲವೂ ನಿನ್ನ ನಾಟಕ ಉದ್ದವಾಯ್ತು ಅಂತಾರೆ ಅಂದರು. ಎಲ್ಲರೂ ನಕ್ಕರು. ನನ್ನ ಕಣ್ಣ ಮುಂದೆ ಆ ಸುಟ್ಟ ರೇಷ್ಮೆ ಮೇಲಂಗಿ ಬಂತು. ಅದಕ್ಕೆ ನನ್ನ ಸಂಬಳ ಹಿಡಿದಿದ್ದರು.

ದೊಡ್ಡಮ್ಮನಿಗೆ ಸುರುಳಿ ಕಲಿಸಿದೆ. ನೆಲದ ಮೇಲೆ ಕೂತು, ದಿನಾ. ಅವಳ ಬೆರಳು ದಪ್ಪ, ಆಗ್ತಿರಲಿಲ್ಲ. ನಾನು ಅವಳಿಗೆ ಬೈಯೋಕೆ ಶುರು ಮಾಡಿದೆ. ಇದೊಂದು ಮಡಚೋ ರೀತಿನಾ ಅಂದೆ, ನಮ್ಮ ಭಾಷೆಯಲ್ಲೇ. ನನ್ನ ಬಾಯಿಂದ ಅಮ್ಮನ ಗಂಟಲು ಬಂದದ್ದು ಕೇಳಿ ನನಗೇ ಗಾಬರಿಯಾಯ್ತು. ದೊಡ್ಡಮ್ಮ ಅರ್ಥ ಕೇಳಲಿಲ್ಲ. ಅದೇ ರಾಗ ಹಿಡಿದು ಮತ್ತೆ ಮತ್ತೆ ಹೇಳಿಕೊಂಡಳು. ಈಗ ಪ್ರಯೋಗದಲ್ಲಿ ಆ ಒಂದು ಮಾತನ್ನ ನಮ್ಮ ಭಾಷೆಯಲ್ಲೇ ಬೈತಾಳೆ.

ನಿನ್ನೆ ಹೊಸ ಊರಲ್ಲಿ ಮೊದಲ ಪ್ರಯೋಗ. ನಾನು ಕೆಳಗಿನ ಕೋಣೆಯಲ್ಲಿ ಇರಲಿಲ್ಲ, ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಬಟ್ಟೆ ಸುರಿದಳು, ಮಗಳು ಹೋದಳು. ದೊಡ್ಡಮ್ಮ ಕೂತಳು. ಮೊದಲನೇ ಅಂಗಿ, ಯಾರೂ ನಗಲಿಲ್ಲ. ಎರಡನೇದು, ಯಾರೋ ಕೆಮ್ಮಿದರು, ಯಾರೋ ಕುರ್ಚಿಯಲ್ಲಿ ಸರಿದಾಡಿದರು. ಎದ್ದು ಹೋಗಲಿ ನೋಡೋಣ, ಇವರಪ್ಪನಾಣೆ ಬಾಗಿಲು ಹಾಕ್ತೀನಿ ಅನ್ನಿಸ್ತು. ಮೂರನೇ ಸುರುಳಿ ಸರಿಯಾಗಿ ಬರಲಿಲ್ಲ. ದೊಡ್ಡಮ್ಮ ಅದನ್ನ ಕೊಡವಿ ಬಿಚ್ಚಿ, ಅಂಗಿಗೇ ಬೈದು, ಮತ್ತೆ ಸುತ್ತಿ, ಚೀಲದೊಳಗೆ ಕುಕ್ಕಿದಳು. ಮೇಲಿನ ಸಾಲಿಂದ ಒಬ್ಬ ಮುದುಕ ಕ್ಕೊಕ್ಕೊಕ್ಕೋ ಅಂತ ನಕ್ಕ. ಆಮೇಲೆ ತಡೆಯೋರಿರಲಿಲ್ಲ. ನನ್ನ ಪಕ್ಕದ ಹೆಂಗಸು ಗಂಡನ ಪಕ್ಕೆ ತಿವಿದು ನಿಮ್ಮಮ್ಮ, ನಿಮ್ಮಮ್ಮ ಅಂತಿದ್ದಳು.

ಇಲ್ಲಿ ನಕ್ಕರು ಅಕ್ಕಾ. ಮೂರನೇ ಅಂಗಿಗೆ ನಕ್ಕರು. ನೀನು ಮಾರ್ಚಲ್ಲಿ ಕೇಳಿದ್ದಕ್ಕೆ ಇದು ಉತ್ತರ.

ಆ ಪತ್ರಿಕೆಯವನು ಮತ್ತೆ ನೋಡೋಕೆ ಬರಲಿಲ್ಲ. ಅವನು ಬರೆದದ್ದು ಹಾಗೇ ಉಳೀತು, ಅದನ್ನ ಓದಿದವರ ತಲೆಯಲ್ಲಿ ನಮ್ಮ ಅಮ್ಮ ಹಾಗೇ ನಿಂತಿರ್ತಾಳೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಅವನು ಬರೆದದ್ದು ನಾನು ಕೊಟ್ಟದ್ದನ್ನ ನೋಡಿ ಅನ್ನೋದು ಇನ್ನೂ ಉರಿಯುತ್ತೆ.

ದೊಡ್ಡಮ್ಮ ಅಂಗಿ ಸುತ್ತುತ್ತಿರೋ ಒಂದು ಫೋಟೋ ಇಟ್ಟಿದ್ದೀನಿ, ಅಮ್ಮನಿಗೆ ತೋರಿಸು. ಅಕ್ಟೋಬರಿನಲ್ಲಿ ನನಗೆ ರಜೆ ಸಿಗುತ್ತೆ. ಬರಲಾ ಅಂತ ಅವಳನ್ನ ಕೇಳು. ಬೇಡ, ಕೇಳಬೇಡ. ಫೋಟೋ ತೋರಿಸಿ ಏನಂದಳು ಅಂತ ಬರಿ, ಸಾಕು.

ತಂಗಿ

ಜುಲೈ 29

ಕಡ್ಡೀ,

ಫೋಟೋ ತೋರಿಸಿದೆ. ಬರಲಾ ಅಂತಲೂ ಕೇಳಿದೆ, ನೀನು ಬೇಡ ಅಂದರೆ ಕೇಳೋಳಲ್ಲ ನಾನು. ಅಮ್ಮ ಕನ್ನಡಕ ಹಾಕಿಕೊಂಡು ಫೋಟೋವನ್ನ ಬೆಳಕಿಗೆ ಹಿಡಿದು, ನನ್ನನ್ನ ಎದುರಿಗೆ ಕೂರಿಸಿ, ಹೇಳಿದ್ದನ್ನ ಹೇಳಿದ ಹಾಗೆ ಬರಿ, ನಿನ್ನ ಕಡೆಯಿಂದ ಏನೂ ಸೇರಿಸಬೇಡ ಅಂದಿದ್ದಾಳೆ. ಈಗಲೂ ಹೆಗಲ ಮೇಲಿಂದ ಬಗ್ಗಿ ನೋಡ್ತಿದ್ದಾಳೆ.

‘ಆ ಹೆಂಗಸು ಪರವಾಗಿಲ್ಲ, ಕೆಲಸ ಮಾಡೋ ಕೈ. ಆದರೆ ಅಂಚು ಮಗುಚಿದ್ದು ಸಾಲದು, ಇನ್ನೂ ನಾಲ್ಕು ಬೆರಳು ಬೇಕು. ಕಲಿಸಿದವಳಿಗೇ ಸರಿಯಾಗಿ ಬರಲ್ಲ, ಅವಳೇನು ಮಾಡ್ತಾಳೆ ಪಾಪ. ಹತ್ತು ವರ್ಷ ಬಟ್ಟೆ ಕೆಲಸ ಮಾಡಿ ಒಂದು ಅಂಗಿ ಸುತ್ತೋಕೆ ಬರದೆ ಹೋಯ್ತಲ್ಲ ಅಂತ ಹೇಳು. ಸಿಟ್ಟು ಹೋಗಿದೆಯಾ ಅಂತ ಕೇಳಿದರೆ ಇಲ್ಲ ಅಂತ ಬರಿ. ರಜೆ ಇದ್ದರೆ ಬರಲಿ, ಯಾರು ಬೇಡ ಅಂದರು? ಬರೋವಾಗ ಚೀಲ ಅವಳೇ ಕಟ್ಟಿಕೊಂಡು ಬರಲಿ, ದನ ಮೇದ ಹಾಗಿದ್ದರೂ ಪರವಾಗಿಲ್ಲ. ಹೋಗೋವಾಗ ನಾನು ನೋಡ್ಕೋತೀನಿ.’